ಮುಖ ತೊಳೆಯುವುದು ಬೇರೆ, ಮುಖವಾಡ ಬೇರೆ

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಾವು ಬೆಂಗಳೂರಿನ ರಾಜಾಜಿನಗರದ ಕಡೆ ಇರುವ ಕುಟುಂಬ. ನನ್ನ ಯಜಮಾನರು ನಮ್ಮ ಸಭೆಯ ಆಡಳಿತ ನೋಡಿಕೊಳ್ಳುವ ಪಾಸ್ಟರೇಟ್ ಕಮಿಟಿಯಲ್ಲಿದ್ದಾರೆ. ಎಂಟು ತಿಂಗಳ ಹಿಂದೆ ಅವರ ಕೆಲಸ ಹೋಯಿತು. ಇದು ನನಗೂ ಮಗಳಿಗೂ ಬಿಟ್ಟರೆ ಬೇರೆ ಯಾರಿಗೂ ಗೊತ್ತಿಲ್ಲ. ಇವತ್ತಿಗೂ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಊಟದ ಡಬ್ಬಿ ಹಿಡಿದು ಹೊರಡುತ್ತಾರೆ. ದಿನವೆಲ್ಲ ಎಲ್ಲಿ ಕೂರುತ್ತಾರೋ ಕೇಳುವ ಧೈರ್ಯ ನನಗಿಲ್ಲ. ನನ್ನ ಬಳೆ, ಸರ ಒತ್ತೆಯಲ್ಲಿವೆ. ಹೀಗಿದ್ದೂ ಸುಗ್ಗಿ ಹಬ್ಬದ ಹರಾಜಿನಲ್ಲಿ ಅವರು ಒಂದು ಬಾಳೆಗೊನೆಯನ್ನು ಆರು ಸಾವಿರಕ್ಕೆ ಕೂಗಿದರು. ಕಳೆದ ತಿಂಗಳು ಸ್ತ್ರೀಯರ ಕೂಟದಲ್ಲಿ ಸಾಕ್ಷಿ ಹೇಳುವ ಸರದಿ ನನಗೆ ಬಂದಾಗ, ‘ಕರ್ತನು ಈ ವರ್ಷ ನಮಗೆ ಯಾವ ಕೊರತೆಯನ್ನೂ ಮಾಡಲಿಲ್ಲ’ ಎಂದುಬಿಟ್ಟೆ. ಎಲ್ಲರೂ ಸ್ತೋತ್ರ ಹೇಳಿದರು. ಅಂದಿನಿಂದ ನಿದ್ರೆಯಿಲ್ಲ. ಮಗಳಿಗೆ ಗಂಡು ನೋಡುತ್ತಿದ್ದೇವೆ. ಗಂಡಿನ ಕಡೆಯವರು ಕೆಲಸದ ಬಗ್ಗೆ ಕೇಳಿದಾಗ ಯಜಮಾನರು ಹಳೆಯ ಕಂಪನಿಯ ಹೆಸರನ್ನೇ ಹೇಳಿದರು. ಸಭೆಯ ಮುಂದೆ ಎದ್ದು ನಿಂತು ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದರೆ, ‘ಮನೆ ಮರ್ಯಾದೆ ಬೀದಿಗೆ ತರಬೇಡ, ಸಭೆಯ ಸಾಕ್ಷಿಯೂ ಕೆಡುತ್ತದೆ’ ಎನ್ನುತ್ತಾರೆ. ನಾನು ಕಪಟಿಯೇ? ಬರುವ ಭಾನುವಾರ ಕರ್ತನ ಭೋಜನಕ್ಕೆ ಹೋಗಬಹುದೇ?

ಉತ್ತರ: ಸಹೋದರಿಯವರೇ, ಕೆಲಸ ಹೋದದ್ದನ್ನು ಯಾರಿಗೂ ಹೇಳದಿರುವುದು, ಹರಾಜಿನಲ್ಲಿ ಕೂಗಿದ್ದು, ಕೂಟದಲ್ಲಿ ಹೇಳಿದ ಸಾಕ್ಷಿ, ಗಂಡಿನ ಕಡೆಯವರಿಗೆ ಕೊಟ್ಟ ಉತ್ತರ, ಇವೆಲ್ಲವನ್ನೂ ನೀವು ಒಂದೇ ಗಂಟು ಕಟ್ಟಿ, ಅದರ ಮೇಲೆ ‘ಕಪಟ’ ಎಂದು ಬರೆದು, ಆ ಗಂಟನ್ನು ಹೊತ್ತುಕೊಂಡು ನಿದ್ರೆಯಿಲ್ಲದೆ ಕೂತಿದ್ದೀರಿ. ಗಂಟು ಬಿಚ್ಚಿ ಒಂದೊಂದನ್ನೇ ಹೊರಗಿಟ್ಟು ನೋಡಿದರೆ, ಅವುಗಳಲ್ಲಿ ಒಂದು ಪಾಪವೇ ಅಲ್ಲ. ಒಂದನ್ನು ನೀವೇ ಸರಿಪಡಿಸಬೇಕು. ಒಂದನ್ನು ನೀವಿಬ್ಬರೂ ಸೇರಿ ತಡಮಾಡದೆ ಸರಿಪಡಿಸಬೇಕು. ಇನ್ನು ನೀವು ಪ್ರಶ್ನೆಯಾಗಿ ಕೇಳದೆ, ನಡುವೆ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋದ ಸಂಗತಿಯೊಂದಿದೆ. ಅದು ಇವೆಲ್ಲಕ್ಕಿಂತ ತುರ್ತಿನದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಆ ಪದವನ್ನೇ ನೋಡೋಣ. ನಮ್ಮ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ‘ಕಪಟಿಗಳು’ ಎಂದು ಬಂದಿರುವ ಕಡೆ ಗ್ರೀಕ್ ಮೂಲದಲ್ಲಿರುವ ಪದ ‘ಹುಪೊಕ್ರಿತೇಸ್’. ಗ್ರೀಕರ ಮಾತಿನಲ್ಲಿ ಅದು ಬೈಗುಳವಾಗಿರಲಿಲ್ಲ. ರಂಗದ ಮೇಲೆ ಮುಖವಾಡ ತೊಟ್ಟು ಪಾತ್ರ ಮಾಡುವವನಿಗೆ ಇದ್ದ ಸಾಮಾನ್ಯ ಹೆಸರಾಗಿತ್ತು. ನಟನು ರಂಗದ ಮೇಲೆ ಅತ್ತರೆ ನಾವು ಅವನನ್ನು ಸುಳ್ಳುಗಾರ ಎನ್ನುವುದಿಲ್ಲ, ಏಕೆಂದರೆ ಅದು ಆಟವೆಂದು ಅವನಿಗೂ ಗೊತ್ತು, ಟಿಕೆಟ್ ಕೊಂಡು ಕೂತ ನಮಗೂ ಗೊತ್ತು. ನೋಡುವವರಿಗೆ ಅದು ಆಟವೆಂದು ತಿಳಿಯದೆ ಇದ್ದು, ಅವರ ಆ ತಿಳಿಯದಿರುವಿಕೆಯಿಂದಲೇ ಆಡುವವನಿಗೆ ಏನೋ ಗಳಿಕೆ ಆಗುತ್ತಿರುವಾಗ, ಅದು ಕಪಟವಾಗುತ್ತದೆ.

ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ಈ ಪದವನ್ನು ಮೂರು ಸಲ ಬಳಸುತ್ತಾನೆ: ಧರ್ಮ ಕೊಡುವಾಗ ತುತೂರಿ ಊದಿಸುವವರ ಬಗ್ಗೆ, ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರ ಬಗ್ಗೆ, ಉಪವಾಸ ಮಾಡುವಾಗ ಮುಖ ಬಾಡಿಸಿಕೊಳ್ಳುವವರ ಬಗ್ಗೆ. ಮೂರು ಕಡೆಯೂ ಆತನ ತೀರ್ಪು ಒಂದೇ: ಅವರಿಗೆ ಬರತಕ್ಕ ಫಲ ಬಂದಾಯಿತು. ಇಲ್ಲಿ ಮೂಲದಲ್ಲಿರುವ ‘ಅಪೆಖೊ’ ಎಂಬ ಕ್ರಿಯಾಪದ ಅಂಗಡಿಯ ಮಾತು. ಈಜಿಪ್ಟಿನಲ್ಲಿ ಸಿಕ್ಕಿರುವ ಹಳೆಯ ಗ್ರೀಕ್ ರಸೀದಿಗಳಲ್ಲಿ ‘ಹಣ ಪೂರ್ತಿ ಸಂದಿದೆ’ ಎಂಬ ಅರ್ಥದಲ್ಲಿ ಅದೇ ಪದ ಬರುತ್ತದೆ. ಲೆಕ್ಕ ಚುಕ್ತಾ, ಇನ್ನು ಬರಬೇಕಾದ್ದು ಏನೂ ಇಲ್ಲ ಎನ್ನುತ್ತೇವಲ್ಲ, ಹಾಗೆ. ಕಪಟಿಯು ಜನರ ಮೆಚ್ಚಿಕೆಯನ್ನು ಕೂಲಿಯಾಗಿ ಎಣಿಸಿಕೊಂಡು ಜೇಬಿಗಿಳಿಸಿದವನು.

ಅದೇ ಅಧ್ಯಾಯದಲ್ಲಿ, ಅದೇ ಉಸಿರಿನಲ್ಲಿ, ಆತನು ಇನ್ನೊಂದು ಮಾತನ್ನೂ ಹೇಳುತ್ತಾನೆ. ಅದನ್ನು ನಮ್ಮ ಪ್ರಸಂಗಗಳಲ್ಲಿ ನಾವು ಅಷ್ಟಾಗಿ ಎತ್ತುವುದಿಲ್ಲ. ಉಪವಾಸ ಮಾಡುವಾಗ ತಲೆಗೆ ಎಣ್ಣೆ ಹಚ್ಚಿಕೋ, ಮುಖ ತೊಳೆದುಕೋ, ನೀನು ಉಪವಾಸ ಇದ್ದೀಯೆಂದು ಜನರಿಗೆ ಕಾಣದಿರಲಿ ಎನ್ನುತ್ತಾನೆ. ಒಳಗೆ ಹಸಿವು, ಹೊರಗೆ ಎಣ್ಣೆ ಹಚ್ಚಿದ ತಲೆ! ‘ಒಳಗೊಂದು ಹೊರಗೊಂದು’ ಎಂಬುದಷ್ಟೇ ಕಪಟದ ಲಕ್ಷಣವಾಗಿದ್ದರೆ ಇದೂ ಕಪಟವೇ ಆಗಬೇಕಾಗಿತ್ತು. ಆದ್ದರಿಂದ ಒಳಗಿರುವುದೆಲ್ಲ ಹೊರಗೆ ಕಾಣುತ್ತಿದೆಯೋ ಇಲ್ಲವೋ ಎಂದು ಅಳೆಯುತ್ತ ಕೂರಬೇಡಿ. ಈ ತೋರಿಕೆಯಿಂದ ನಾನು ಯಾರಿಂದ, ನನಗೆ ಸಲ್ಲದ ಏನನ್ನು ಪಡೆದುಕೊಳ್ಳುತ್ತಿದ್ದೇನೆ ಎಂದು ಕೇಳಿಕೊಳ್ಳಿ. ನಿಮ್ಮ ಪತ್ರದ ಒಂದೊಂದು ಸಂಗತಿಯನ್ನೂ ನಾನು ಈ ಪ್ರಶ್ನೆಯಿಂದಲೇ ನೋಡುತ್ತೇನೆ.

ಕೆಲಸ ಹೋದ ಸುದ್ದಿಯನ್ನು ಊರಿಗೆಲ್ಲ ಹೇಳದಿರುವುದು ತೊಳೆದ ಮುಖ. ಭಾನುವಾರ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ‘ಹೇಗಿದ್ದೀರಿ?’ ಎಂದು ಕೈ ಕುಲುಕುವ ಎಲ್ಲರಿಗೂ ನಿಮ್ಮ ಬ್ಯಾಂಕಿನ ಪಾಸ್‌ಬುಕ್ ನೋಡುವ ಹಕ್ಕಿಲ್ಲ. ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 12ನೆಯ ಅಧ್ಯಾಯವನ್ನು ತೆಗೆದು ನೋಡಿ. ತನ್ನ ಶರೀರದಲ್ಲಿ ಒಂದು ಶೂಲ ನಾಟಿದೆ, ಅದು ತೊಲಗಲಿ ಎಂದು ಮೂರು ಸಲ ಬೇಡಿಕೊಂಡೆ, ತೊಲಗಲಿಲ್ಲ ಎಂದು ಬರೆಯುತ್ತಾನೆ. ಆ ಶೂಲ ಯಾವುದು? ಕಣ್ಣಿನ ರೋಗವೋ, ಮೂರ್ಛೆಯೋ, ವಿರೋಧಿಗಳ ಕಾಟವೋ, ಎರಡು ಸಾವಿರ ವರ್ಷಗಳಿಂದ ವ್ಯಾಖ್ಯಾನಕಾರರು ಊಹಿಸುತ್ತಲೇ ಇದ್ದಾರೆ, ಅವನು ಮಾತ್ರ ಹೇಳಲಿಲ್ಲ. ತನ್ನ ಬಲಹೀನತೆಯನ್ನು ಮುಚ್ಚಿಡಲಿಲ್ಲ, ಅದರ ವಿವರವನ್ನೂ ಬಿಚ್ಚಿಡಲಿಲ್ಲ. ನೋವಿದೆ ಎಂದು ಒಪ್ಪಿಕೊಂಡು ವಿವರವನ್ನು ತನ್ನಲ್ಲೇ ಇಟ್ಟುಕೊಳ್ಳುವ ಈ ದಾರಿ ನಿಮಗೂ ತೆರೆದಿದೆ.

ಕೊಲ್ಕತ್ತದ ಮದರ್ ತೆರೇಸಾ ಅವರು 1997ರಲ್ಲಿ ತೀರಿಕೊಂಡರು. ಹತ್ತು ವರ್ಷದ ನಂತರ ಅವರ ಖಾಸಗಿ ಪತ್ರಗಳು ಪ್ರಕಟವಾದಾಗ, ಜಗತ್ತಿಗೆಲ್ಲ ನಗುಮುಖ ತೋರಿದ ಆ ತಾಯಿ ದಶಕಗಳ ಕಾಲ ಒಳಗೆ ದೇವರ ಸಾನ್ನಿಧ್ಯವೇ ಇಲ್ಲದ ಕತ್ತಲೆಯಲ್ಲಿ ಬದುಕಿದ್ದರು ಎಂಬುದು ತಿಳಿಯಿತು. ಹಾಗಾದರೆ ಆ ನಗು ನಾಟಕವೇ ಎಂದು ಕೇಳಿದವರಿದ್ದರು. ನನ್ನ ಅಭಿಪ್ರಾಯದಲ್ಲಿ ಅಲ್ಲ. ಯಾರ ಮುಂದೆ ಆತ್ಮದ ಲೆಕ್ಕ ಒಪ್ಪಿಸಬೇಕಿತ್ತೋ ಆ ಗುರುಗಳಿಗೆ ಅವರು ಬರೆದು ತಿಳಿಸಿದ್ದರು. ಆ ಪತ್ರಗಳು ನಮ್ಮ ಕೈಗೆ ಬಂದದ್ದೇ ಹಾಗೆ. ಬೀದಿಯಲ್ಲಿ ಬಿದ್ದಿದ್ದ ರೋಗಿಗೆ ಬೇಕಾಗಿದ್ದದ್ದು ಅವರ ನಗು. ಅವರ ಒಳಗಿನ ಕತ್ತಲೆಯ ವರದಿಯನ್ನು ಅವನು ಕೇಳಿರಲಿಲ್ಲ.

ಹರಾಜಿನ ಸಂಗತಿ ಇಷ್ಟು ಸುಲಭವಲ್ಲ. ಅಪೊಸ್ತಲರ ಕೃತ್ಯಗಳ 5ನೆಯ ಅಧ್ಯಾಯದಲ್ಲಿ, ಹೊಲ ಮಾರಿದ ಹಣದಲ್ಲಿ ಒಂದು ಪಾಲನ್ನು ಬಚ್ಚಿಟ್ಟು ಪೂರ್ತಿ ತಂದಂತೆ ತೋರಿಸಿಕೊಂಡ ಅನನೀಯ ಮತ್ತು ಸಪ್ಫೈರಳ ಕತೆಯನ್ನು ನಾವು ಕಾಣಿಕೆ ಕಡಿಮೆ ಹಾಕುವವರನ್ನು ಹೆದರಿಸಲು ಬಳಸುತ್ತೇವೆ. ಅದು ತಪ್ಪು ಓದು. ಪೇತ್ರನ ಮಾತನ್ನು ನಿಧಾನವಾಗಿ ಓದಿ. ಹೊಲ ಮಾರುವ ಮುಂಚೆ ಅದು ನಿನ್ನದೇ ಆಗಿತ್ತಲ್ಲವೇ, ಮಾರಿದ ಮೇಲೂ ಹಣ ನಿನ್ನ ಕೈಯಲ್ಲೇ ಇತ್ತಲ್ಲವೇ ಎಂದು ಅವನು ಕೇಳುತ್ತಾನೆ. ಅರ್ಧ ಇಟ್ಟುಕೊಂಡಿದ್ದರೆ, ಪೂರ್ತಿ ಇಟ್ಟುಕೊಂಡಿದ್ದರೂ, ಯಾರೂ ಕೇಳುತ್ತಿರಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಬಾರ್ನಬನು ಹೊಲ ಮಾರಿ ಹಣವನ್ನೆಲ್ಲ ತಂದು ಅಪೊಸ್ತಲರ ಪಾದದ ಬಳಿ ಇಟ್ಟಿದ್ದ. ಈ ದಂಪತಿಗಳಿಗೆ ಬಾರ್ನಬನಿಗೆ ಸಿಕ್ಕ ಹೆಸರು ಬೇಕಾಗಿತ್ತು, ಬಾರ್ನಬನು ತೆತ್ತ ಬೆಲೆ ಬೇಡವಾಗಿತ್ತು. ನಿಮ್ಮ ಯಜಮಾನರು ಅವರಷ್ಟು ಲೆಕ್ಕ ಹಾಕಿ ಕೂಗಿರಲಾರರು. ನಮ್ಮ ಸುಗ್ಗಿ ಹಬ್ಬಗಳ ಹರಾಜು ಹೇಗೆ ನಡೆಯುತ್ತದೆಂದು ನನಗೆ ಗೊತ್ತು: ಮೈಕಿನಲ್ಲಿ ಹೆಸರು ಹಿಡಿದು ಕರೆಯುತ್ತಾರೆ, ‘ಕಮಿಟಿಯವರೇ ಸುಮ್ಮನಿದ್ದರೆ ಹೇಗೆ?’ ಎಂದು ನಗುತ್ತಾರೆ, ಒಂದು ಕೇಕು, ಒಂದು ಜೊತೆ ಕೋಳಿ, ಒಂದು ಬಾಳೆಗೊನೆ ಮಾರುಕಟ್ಟೆಯ ಬೆಲೆಯ ಹತ್ತಿಪ್ಪತ್ತು ಪಟ್ಟಿಗೆ ಏರುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ತುತೂರಿಯನ್ನು ನಾವೇ ಬಾಡಿಗೆಗೆ ತಂದಿಟ್ಟಿರುವಾಗ ಊದಿದವನನ್ನೊಬ್ಬನನ್ನೇ ದೂಷಿಸುವುದು ಸರಿಯಲ್ಲ. ಆ ಆರು ಸಾವಿರ ಕಟ್ಟಿಯಾಗಿದ್ದರೆ ಅದನ್ನು ಮರೆತುಬಿಡಿ. ಕಟ್ಟಿಲ್ಲದಿದ್ದರೆ ಒತ್ತೆಗೆ ಇನ್ನೊಂದು ಒಡವೆ ಸೇರಿಸಬೇಡಿ. ‘ಈಗ ಆಗುವುದಿಲ್ಲ, ಸಮಯ ಬೇಕು’ ಎಂದು ಖಜಾಂಚಿಯವರಿಗೆ ನೇರವಾಗಿ ಹೇಳಲಿ.

ನಿಮ್ಮನ್ನು ನಿದ್ರೆಗೆಡಿಸಿರುವ ಸಾಕ್ಷಿಯ ವಿಷಯದಲ್ಲಿ ನಿಮ್ಮ ಮನಸ್ಸಾಕ್ಷಿ ಸರಿಯಾಗಿಯೇ ಕುಟುಕಿದೆ. ಮೌನ ಬೇರೆ, ಇದು ಮೌನವಲ್ಲ. ಸಾಕ್ಷಿ ಎಂಬುದು ನಮ್ಮಲ್ಲಿ ಮೊದಲಿಗೆ ನ್ಯಾಯಾಲಯದ ಮಾತು, ಕಂಡದ್ದನ್ನು ಕಂಡ ಹಾಗೆ ಹೇಳುವವನ ಮಾತು. ಕೊರತೆ ಕಂಡವರು ಕೊರತೆಯಿಲ್ಲ ಎಂದಿರಿ, ಅದಕ್ಕೆ ದೇವರ ಹೆಸರನ್ನೂ ಸೇರಿಸಿದಿರಿ, ಪ್ರತಿಯಾಗಿ ಒಂದು ಕೋಣೆಯ ತುಂಬ ಸ್ತೋತ್ರವನ್ನು ಪಡೆದುಕೊಂಡಿರಿ. ಕೇವಲ ಹೆಂಗಸರ ಕೂಟದಲ್ಲಿ ಬಾಯಿತಪ್ಪಿ ಬಂದ ಮಾತು, ಅದರಿಂದ ಯಾರಿಗೇನು ನಷ್ಟ ಎನ್ನಬಹುದು. ಅದೇ ಕೋಣೆಯ ಹಿಂದಿನ ಸಾಲಿನಲ್ಲಿ, ತಾಳಿಯ ಸರವನ್ನೇ ಒತ್ತೆಯಿಟ್ಟು ಬಂದ ಇನ್ನೊಬ್ಬ ತಾಯಿ ಕೂತಿದ್ದಿರಬಹುದು. ಕಮಿಟಿಯವರ ಮನೆಯಲ್ಲಿ ಕೊರತೆಯೇ ಇಲ್ಲವಂತೆ, ನಮ್ಮ ಮನೆಯಲ್ಲೇ ಏನೋ ಪಾಪವಿದೆ ಎಂದು ಆಕೆ ಮನೆಗೆ ಹೋಗಿರಬಹುದು. ನಷ್ಟ ಆಕೆಯದು.

ಆದರೂ ಇಲ್ಲಿ ನಿಮ್ಮೊಬ್ಬರದೇ ತಪ್ಪಿಲ್ಲ. ನಮ್ಮ ಸಾಕ್ಷಿಗಳಿಗೆ ಒಂದು ಅಚ್ಚು ಬಂದುಬಿಟ್ಟಿದೆ: ಕಷ್ಟವಿತ್ತು, ಪ್ರಾರ್ಥಿಸಿದೆವು, ಕರ್ತನು ಬಿಡಿಸಿದನು. ಕಷ್ಟ ಇನ್ನೂ ಇದೆ, ಪ್ರಾರ್ಥಿಸುತ್ತಲೇ ಇದ್ದೇವೆ, ಬಿಡುಗಡೆ ಕಾಣುತ್ತಿಲ್ಲ ಎನ್ನುವವನಿಗೆ ಈ ಅಚ್ಚಿನಲ್ಲಿ ಜಾಗವೇ ಇಲ್ಲ. ದಾವೀದನ ಹೆಸರಿನಲ್ಲಿ ನಾವು ಓದುವ ಪುಸ್ತಕದ 150 ಕೀರ್ತನೆಗಳಲ್ಲಿ ಮೊರೆಯಿಡುವ, ದೂರುವ, ಅಳುವ ಕೀರ್ತನೆಗಳದೇ ಒಂದು ದೊಡ್ಡ ಗುಂಪು. 88ನೆಯ ಕೀರ್ತನೆಯಂತೂ ಒಂದು ಸ್ತೋತ್ರದ ಸಾಲೂ ಇಲ್ಲದೆ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ. ಅದನ್ನೂ ದೇವಾಲಯದ ಗಾಯಕರಿಗೇ ಕೊಟ್ಟಿತ್ತು. ನಾವು ಮಾತ್ರ ಭಾನುವಾರ ಭಾನುವಾರ ‘ವಿಚಾರದಲ್ಲಿ, ಮಾತಿನಲ್ಲಿ, ಕ್ರಿಯೆಯಲ್ಲಿ ಪಾಪ ಮಾಡಿದ್ದೇವೆ’ ಎಂದು ಒಟ್ಟಿಗೆ ಗಟ್ಟಿಯಾಗಿ ಹೇಳಿ, ಆ ‘ನಾವು’ ಎಂಬ ಬಹುವಚನದ ಹಿಂದೆ ಒಬ್ಬೊಬ್ಬರೂ ಅಡಗಿಕೊಂಡುಬಿಡುತ್ತೇವೆ. ಎಷ್ಟೋ ವರ್ಷ ಆ ಪಾಪನಿವೇದನೆಯನ್ನು ಮುನ್ನಡೆಸಿದ ನಾನೂ ಅಡಗಿಕೊಂಡವನೇ.

ಇದಕ್ಕೆ ಪರಿಹಾರವೆಂದರೆ, ಎಲ್ಲಿ ಹೇಳಿದಿರೋ ಅಲ್ಲೇ, ಹೇಳಿದಷ್ಟನ್ನೇ ಹಿಂತೆಗೆದುಕೊಳ್ಳುವುದು. ಮುಂದಿನ ಕೂಟದಲ್ಲಿ ಒಂದು ನಿಮಿಷ ಎದ್ದು ನಿಂತು, ‘ಕಳೆದ ತಿಂಗಳು ನಮಗೆ ಕೊರತೆಯಿಲ್ಲ ಎಂದೆ. ಅದು ನಿಜವಾಗಿರಲಿಲ್ಲ. ನಮ್ಮ ಮನೆಯಲ್ಲಿ ಕಷ್ಟವಿದೆ. ಏನೆಂದು ಈಗ ಹೇಳಲಾರೆ. ನಮಗಾಗಿ ಪ್ರಾರ್ಥಿಸಿ’ ಎಂದರೆ ಸಾಕು. ಇಡೀ ಸಭೆಯ ಮುಂದೆ ಎದ್ದು ನಿಲ್ಲುವ ನಿಮ್ಮ ಯೋಚನೆಯನ್ನು ಮಾತ್ರ ನಾನು ಒಪ್ಪುವುದಿಲ್ಲ. ಕೆಲಸ ಹೋದದ್ದು ನಿಮ್ಮ ಯಜಮಾನರದು. ಆ ಕತೆಯನ್ನು ಹೇಳುವ ಹಕ್ಕು ಅವರದು. ಅವರ ಗುಟ್ಟನ್ನು ಅವರ ಒಪ್ಪಿಗೆಯಿಲ್ಲದೆ ಮೈಕಿಗೆ ಕೊಟ್ಟರೆ ನಿಮ್ಮ ಎದೆ ಹಗುರವಾಗುತ್ತದೆ, ಅವರ ಬೆನ್ನು ಮುರಿಯುತ್ತದೆ. ಕೂಟದಲ್ಲಿ ಹೇಳಬೇಕಾದ ಆ ನಾಲ್ಕು ಮಾತುಗಳನ್ನು ಕೂಡ ಮೊದಲು ಅವರಿಗೆ ಓದಿ ಹೇಳಿ.

ಗಂಡಿನ ಕಡೆಯವರ ವಿಷಯದಲ್ಲಿ ನಾನು ಇಷ್ಟು ಮೃದುವಾಗಿ ಬರೆಯಲಾರೆ. ಸಭೆಯ ಅಂಗಳದಲ್ಲಿ ಕೇಳಿದವರು ಕುಶಲ ಕೇಳಿದರು. ಇವರು ತಮ್ಮ ಮಗನ ಬದುಕಿನ ಒಂದು ನಿರ್ಧಾರ ಮಾಡಲು ಕೇಳಿದರು. ನಿಮ್ಮ ಉತ್ತರವನ್ನು ನಂಬಿ ಅವರು ಹೆಜ್ಜೆ ಇಡುತ್ತಾರೆ, ಮದುವೆಯ ಖರ್ಚಿನ ಮಾತು ಆಡುತ್ತಾರೆ, ನಾಳೆ ಬೀಗರಾಗುತ್ತಾರೆ. ಮುಖ ತೊಳೆಯುವುದು ಮುಗಿದು ಮುಖವಾಡ ಶುರುವಾಗುವುದು ಸರಿಯಾಗಿ ಇಲ್ಲಿ. ನಿಮ್ಮ ಮಗಳಿಗೆ ಎಲ್ಲವೂ ಗೊತ್ತಿದೆ ಎಂದು ನೀವೇ ಬರೆದಿದ್ದೀರಿ. ಆದ್ದರಿಂದ ಈ ಸುಳ್ಳು ನಿಮ್ಮಿಬ್ಬರಲ್ಲೇ ಉಳಿಯುವುದಿಲ್ಲ, ಆಕೆ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಗಂಡನ ಮನೆಗೆ ಹೋಗಬೇಕಾಗುತ್ತದೆ, ಎಂದಾದರೂ ಅದು ಬಿಚ್ಚಿಕೊಂಡ ದಿನ ‘ನಿನಗೆ ಗೊತ್ತಿತ್ತಾ?’ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ಆಕೆಯೇ.

ನಾನೊಂದು ಸಭೆಯ ಪಾಲಕನಾಗಿದ್ದ ಕಾಲದಲ್ಲಿ, ನಮ್ಮ ಸಭೆಯ ಒಂದು ಮನೆಯ ಬಗ್ಗೆ ಬೇರೆ ಊರಿನಿಂದ ವಿಚಾರಿಸಿ ಪತ್ರ ಬಂತು. ಆ ಮನೆಯಲ್ಲಿ ಸಾಲ ಕುತ್ತಿಗೆಯ ಮಟ್ಟಕ್ಕೆ ಬಂದಿರುವುದು ನನಗೆ ಗೊತ್ತಿತ್ತು. ‘ಸಭೆಯಲ್ಲಿ ಕ್ರಮವಾಗಿ ನಡೆದುಕೊಳ್ಳುವ, ದೇವಭಯವುಳ್ಳ ಕುಟುಂಬ’ ಎಂದು ಉತ್ತರ ಬರೆದೆ. ಅದರ ಒಂದೊಂದು ಪದವೂ ನಿಜ. ವಿಚಾರಿಸಿದವರು ಕೇಳಿದ್ದು ಅದನ್ನಲ್ಲ ಎಂಬುದೂ ನಿಜ. ಮದುವೆಯಾಗಿ ವರ್ಷ ಕಳೆಯುವುದರೊಳಗೆ ಸಾಲದ ವಿಷಯ ಹೊರಬಿತ್ತು. ಎರಡು ಮನೆಗಳ ನಡುವೆ ಮಾತು ನಿಂತಿತು, ಹುಡುಗಿ ನಡುವೆ ಸಿಕ್ಕಿಕೊಂಡಳು, ನನ್ನ ಪತ್ರವನ್ನು ಒಬ್ಬರು ನನ್ನ ಎದುರಿಗೇ ತಂದು ಓದಿದರು. ನಿಜವಾದ ಪದಗಳನ್ನೇ ಪೋಣಿಸಿ ಸುಳ್ಳು ಹೇಳಬಹುದೆಂಬುದನ್ನು ನನ್ನ ಕೈಬರಹದಲ್ಲೇ ನಾನು ಓದಿಸಿಕೊಂಡೆ.

ಆದ್ದರಿಂದ ನಿಶ್ಚಿತಾರ್ಥಕ್ಕೆ ಮುಂಚೆ, ಸಭೆಯಲ್ಲಿ ಮದುವೆಯ ಪ್ರಕಟಣೆ ಓದುವುದಕ್ಕೆ ಬಹಳ ಮುಂಚೆ, ಯಜಮಾನರೇ ಗಂಡಿನ ತಂದೆಯವರನ್ನು ಕಂಡು ಹೇಳಬೇಕು. ದಲ್ಲಾಳಿಯ ಮೂಲಕ ಬೇಡ, ಫೋನಿನಲ್ಲೂ ಬೇಡ. ಅವರು ಸಂಬಂಧ ಬೇಡವೆಂದರೂ ಎನ್ನಬಹುದು. ಸತ್ಯ ಹೇಳಿದವರಿಗೆ ದೇವರು ಒಳ್ಳೆಯ ಸಂಬಂಧವನ್ನೇ ಕೂಡಿಸುತ್ತಾನೆ ಎಂಬ ಭರವಸೆಯನ್ನು ನಾನು ಕೊಡಲಾರೆ, ಕೊಟ್ಟರೆ ಅದೂ ಒಂದು ತೋರಿಕೆಯ ಮಾತಾಗುತ್ತದೆ. ಕೆಲಸ ಹೋದದ್ದಕ್ಕೆ ಬೇಡವೆನ್ನುವವರು, ಮದುವೆಯಾದ ಮೇಲೆ ಅದು ತಿಳಿದರೆ ಎಷ್ಟು ಸಹಿಸಿಯಾರು ಎಂಬುದನ್ನು ಯೋಚಿಸಿ.

‘ಸಭೆಯ ಸಾಕ್ಷಿ ಕೆಡುತ್ತದೆ’ ಎಂಬ ಅವರ ಮಾತನ್ನು ತಳ್ಳಿಹಾಕುವ ಮೊದಲು ಅದರ ಹಿಂದಿನ ಭಯವನ್ನು ಅರ್ಥಮಾಡಿಕೊಳ್ಳಬೇಕು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಕ್ರೈಸ್ತರು ಶೇಕಡ 1.87ರಷ್ಟು. ಬೆಂಗಳೂರಿನಲ್ಲಿ ದೊಡ್ಡ ದೊಡ್ಡ ದೇವಾಲಯಗಳಿದ್ದರೂ, ಕನ್ನಡ ಸಭೆಗಳೆಂದರೆ ಒಬ್ಬರಿಗೊಬ್ಬರು ಗೊತ್ತಿರುವ ಸಣ್ಣ ಜಗತ್ತು. ಬೆಳಿಗ್ಗೆ ಮಲ್ಲೇಶ್ವರದಲ್ಲಿ ಆಡಿದ ಮಾತು ಸಂಜೆಗೆ ಜಯನಗರದಲ್ಲಿರುತ್ತದೆ. ಸಣ್ಣ ಸಮುದಾಯ ಹೊರಗಿನವರ ಕಣ್ಣಿಗೆ ಸದಾ ಒಪ್ಪವಾಗಿ ಕಾಣಬೇಕೆಂದು ಬಯಸುತ್ತದೆ. ಇದಕ್ಕೆ ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಹೊರೆ ಸೇರಿಕೊಂಡಿದೆ: ಸಂಪತ್ತೇ ಆಶೀರ್ವಾದದ ಗುರುತು ಎಂದು ಸಾರುವ ಬೋಧನೆ. ಅದನ್ನು ನಂಬಿದವನಿಗೆ ಕೆಲಸ ಹೋಗುವುದು ಬರೀ ಆರ್ಥಿಕ ಪೆಟ್ಟಲ್ಲ, ನಂಬಿಕೆ ಸಾಲದೆಂಬುದಕ್ಕೆ ಕೊಟ್ಟ ಸರ್ಟಿಫಿಕೇಟು. ಯೋಬನ ಸ್ನೇಹಿತರು ಆಡಿದ್ದೂ ಇದೇ ವಾದ. ಅವರು ಯಥಾರ್ಥವನ್ನು ಆಡಲಿಲ್ಲವೆಂದು ದೇವರೇ ಗದರಿಸಿದ್ದರಿಂದ ಅದಕ್ಕೆ ಇಲ್ಲಿ ಹೆಚ್ಚು ಜಾಗ ಕೊಡುವುದಿಲ್ಲ. ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ, ಅಂದರೆ ಯೆಹೂದ್ಯರಲ್ಲದ ವಿಶ್ವಾಸಿಗಳ, ಜೊತೆ ಊಟ ಮಾಡುತ್ತಿದ್ದು, ಯೆರೂಸಲೇಮಿನ ಯೆಹೂದ್ಯ ವಿಶ್ವಾಸಿಗಳ ಮುಖಂಡ ಯಾಕೋಬನ ಕಡೆಯವರು ಬಂದೊಡನೆ ಹಿಂದೆ ಸರಿದದ್ದೂ ಇಂಥದೇ ಭಯದಿಂದ. ಬಾರ್ನಬನಂಥ ಒಳ್ಳೆಯವನೂ ಆ ಕಪಟದಲ್ಲಿ ಸೆಳೆದುಹೋದ ಎಂದು ಗಲಾತ್ಯದವರಿಗೆ ಬರೆದ ಪತ್ರದ 2ನೆಯ ಅಧ್ಯಾಯದಲ್ಲಿ ಪೌಲನು ಬರೆಯುತ್ತಾನೆ. ಸಭೆಯ ಹಿರಿಯ ಕಂಬವೇ ಹೀಗೆ ವಾಲಿದ್ದನ್ನು ಸತ್ಯವೇದ ಮುಚ್ಚಿಡದೆ ಬರೆದಿಟ್ಟಿದೆ, ಅದರಿಂದ ಸಭೆಯ ಸಾಕ್ಷಿಯೇನೂ ಕೆಡಲಿಲ್ಲ.

ಹಾಗಾದರೆ ಯಾರಿಗೆ ಹೇಳಬೇಕು? ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ತನ್ನ ಪ್ರಾಣದ ಸಂಕಟವನ್ನು ಬಿಚ್ಚಿ ಹೇಳಿದ್ದು ಮೂವರು ಶಿಷ್ಯರಿಗೆ ಮಾತ್ರ, ಉಳಿದವರನ್ನು ಸ್ವಲ್ಪ ದೂರದಲ್ಲೇ ಕೂರಿಸಿದ. ಆ ಮೂವರೂ ನಿದ್ದೆ ಹೋದರು. ನೀವು ಆರಿಸಿಕೊಂಡವರೂ ಒಮ್ಮೊಮ್ಮೆ ನಿದ್ದೆ ಹೋಗುತ್ತಾರೆ, ಅದಕ್ಕೂ ಸಿದ್ಧರಾಗಿರಿ. ನಗರದ ನಡುವೆ ಇರುವ ಹಡ್ಸನ್ ಸ್ಮಾರಕ ದೇವಾಲಯದಂತೆ ನಮ್ಮ ಎಷ್ಟೋ ಕನ್ನಡ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಗೆ ಸೇರುವ ಮೊದಲು ವೆಸ್ಲಿಯನ್ ಮಿಷನ್ನಿನವು. ಆ ಪರಂಪರೆಯ ಮೂಲಪುರುಷ ಜಾನ್ ವೆಸ್ಲಿ 1738ರ ಡಿಸೆಂಬರಿನಲ್ಲಿ ಸಣ್ಣ ಗುಂಪುಗಳಿಗೆ ನಿಯಮ ಬರೆದಾಗ, ವಾರಕ್ಕೊಮ್ಮೆ ಕೂಡಬೇಕು, ಕಳೆದ ಸಲ ಕೂಡಿದ ಮೇಲೆ ತಿಳಿದು ಮಾಡಿದ ಪಾಪಗಳು ಯಾವುವು ಎಂದು ಒಬ್ಬೊಬ್ಬರನ್ನೂ ಕೇಳಬೇಕು ಎಂದು ಬರೆದರು. ಸೇರಿಸಿಕೊಳ್ಳುವ ಮುಂಚೆಯೇ, ‘ನಿನ್ನ ತಪ್ಪುಗಳನ್ನು ಇತರರು ನಿನಗೆ ಹೇಳಬೇಕೆಂದು ಬಯಸುತ್ತೀಯಾ?’ ಎಂದು ಕೇಳುವ ಪದ್ಧತಿಯಿತ್ತು. ಅವರಿಂದ ಬಂದ ಸಭೆಗಳಲ್ಲಿ ನಮಗೆ ಹಾಡುಗಳು ಉಳಿದವು, ಈ ಪ್ರಶ್ನೆಗಳು ಉಳಿಯಲಿಲ್ಲ.

ಕಥೋಲಿಕರಲ್ಲಿ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಗುರುಗಳ ಬಳಿ ಪಾಪನಿವೇದನೆ ಮಾಡಬೇಕೆಂದು ವಿಧಿಸಿತು. ಅಲ್ಲಿ ಕೇಳಿದ್ದನ್ನು ಗುರುಗಳು ಎಂದೂ ಹೊರಗೆಡಹುವಂತಿಲ್ಲ. ನಮ್ಮಲ್ಲಿ ಅಷ್ಟು ಬಿಗಿಯಾದ ಕಟ್ಟಿಲ್ಲ. ಆದ್ದರಿಂದ ನಿಮ್ಮ ಸಭೆಯ ಪಾಲಕರಾದ ಅಯ್ಯನವರ ಬಳಿ ಮಾತು ತೆಗೆಯುವ ಮುಂಚೆಯೇ, ‘ಇದು ನಮ್ಮ ನಡುವೆಯೇ ಉಳಿಯುತ್ತದೆಯೇ?’ ಎಂದು ಕೇಳಿ, ಹೌದೆಂದ ಮೇಲೆ ಹೇಳಿ. ಕೇಳುವುದು ಅವಮಾನವಲ್ಲ. ‘ಪ್ರಾರ್ಥನಾ ವಿನಂತಿ’ ಎಂಬ ಹೆಸರಿನಲ್ಲಿ ವಾಟ್ಸಾಪ್ ಗುಂಪಿಗೆ ಹೋದ ಗುಟ್ಟು ತಿರುಗಿ ಬರುವುದಿಲ್ಲ. ಯಜಮಾನರು ಸಭೆಯ ಹಣಕ್ಕೆ ಸಹಿ ಹಾಕುವವರಲ್ಲಿ ಒಬ್ಬರಾಗಿದ್ದರೆ, ಈ ಕಷ್ಟ ತೀರುವವರೆಗೆ ಆ ಜವಾಬ್ದಾರಿಯಿಂದ ಬಿಡಿಸಿಕೊಳ್ಳುವುದು ಒಳ್ಳೆಯದು. ಅವರ ಮೇಲೆ ಅನುಮಾನವಿದೆಯೆಂದು ಹೀಗೆ ಹೇಳುತ್ತಿಲ್ಲ. ಕಾಣಿಕೆಯ ಹಣ ಸಾಗಿಸುವಾಗ ಪೌಲನು ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ದೂರಿಗೆ ಎಡೆಯಿರದಂತೆ ನೋಡಿಕೊಂಡ.

ಇನ್ನು ನೀವು ಕೇಳದೆ ಬಿಟ್ಟ ಸಂಗತಿ. ‘ಎಲ್ಲಿ ಕೂರುತ್ತಾರೋ ಕೇಳುವ ಧೈರ್ಯ ನನಗಿಲ್ಲ.’ ಎಂಟು ತಿಂಗಳಿಂದ ಒಬ್ಬ ಮನುಷ್ಯ ಡಬ್ಬಿ ಹಿಡಿದು ಕಬ್ಬನ್ ಪಾರ್ಕಿನ ಬೆಂಚಿನ ಮೇಲೋ, ಮೆಟ್ರೋ ನಿಲ್ದಾಣದಲ್ಲೋ ಸಂಜೆಯಾಗುವುದನ್ನು ಕಾಯುತ್ತಿದ್ದರೆ, ಅವರಿಗೆ ತಮ್ಮ ಮನೆಯಲ್ಲಿ ಕೂಡ ಮುಖವಾಡ ತೆಗೆದಿಡಲು ಜಾಗವಿಲ್ಲ ಎಂದಾಯಿತು. ಇದು ಅಪಾಯದ ಸ್ಥಿತಿ. ಇವತ್ತೇ ರಾತ್ರಿ, ಮಗಳು ಮಲಗಿದ ಮೇಲೆ, ಕೇಳಿ. ಹರಾಜಿನ ಮಾತಿನಿಂದ ಶುರು ಮಾಡಬೇಡಿ, ಗಂಡಿನ ಕಡೆಯ ಮಾತಿನಿಂದಲೂ ಬೇಡ. ‘ಮಧ್ಯಾಹ್ನ ಊಟ ಎಲ್ಲಿ ಮಾಡುತ್ತೀರಿ?’ ಎಂದಷ್ಟೇ ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ನಾಳೆಯಿಂದ ಮನೆಯಲ್ಲೇ ಊಟ ಮಾಡಿ ಎನ್ನಿ. ಅವರ ನಿದ್ರೆ, ಹಸಿವು ಕೆಟ್ಟಿದ್ದರೆ, ಬದುಕಿನಲ್ಲಿ ಇನ್ನೇನಿದೆ ಎಂಬಂಥ ಮಾತು ಒಮ್ಮೆಯಾದರೂ ಬಂದಿದ್ದರೆ, ಪ್ರಾರ್ಥನೆಯ ಜೊತೆಗೆ ವೈದ್ಯರ ನೆರವೂ ಬೇಕು. ಸರ್ಕಾರದ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್ ನಮ್ಮ ಊರಿನಲ್ಲೇ ಇದೆ. ಅಲ್ಲಿಗೆ ಹೋದರೆ ಯಾರಾದರೂ ನೋಡಿಯಾರು ಎಂಬ ಸಂಕೋಚ ನಿಮ್ಮನ್ನು ತಡೆಯದಿರಲಿ.

ಕೊನೆಗೆ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ. ಅಯೋಗ್ಯವಾಗಿ ತಿಂದರೆ ಅಪರಾಧಿಯಾಗುತ್ತೇವೆ ಎಂಬ 1 ಕೊರಿಂಥ 11ನೆಯ ಅಧ್ಯಾಯದ ಮಾತಿಗೆ ಹೆದರಿ ನೀವು ಕೇಳಿದ್ದೀರಿ. ಅಲ್ಲಿ ಪೌಲನು ತನ್ನನ್ನು ತಾನು ಪರೀಕ್ಷಿಸಿಕೊಂಡು ದೂರ ಉಳಿಯಲಿ ಎನ್ನುವುದಿಲ್ಲ, ಪರೀಕ್ಷಿಸಿಕೊಂಡು ತಿನ್ನಲಿ ಎನ್ನುತ್ತಾನೆ. ಕೊರಿಂಥದಲ್ಲಿ ನಡೆದ ಅಯೋಗ್ಯತನ ಏನೆಂಬುದನ್ನೂ ಕೆಲವು ವಚನ ಮೇಲೆ ಹೇಳಿದ್ದಾನೆ: ಇದ್ದವರು ಮುಂಚೆಯೇ ಹೊಟ್ಟೆ ತುಂಬ ಉಂಡು ಕುಡಿಯುತ್ತಿದ್ದರು, ಇಲ್ಲದವರು ಹಸಿದು ನೋಡುತ್ತಿದ್ದರು, ‘ಏನೂ ಇಲ್ಲದವರನ್ನು ನಾಚಿಕೆಪಡಿಸುತ್ತೀರಾ?’ ಎಂದು ಅವನು ಸಿಟ್ಟಾದ. ಈ ಸಲ ಆ ಪಂಕ್ತಿಯಲ್ಲಿ ಇಲ್ಲದವರ ಸಾಲಿನಲ್ಲಿ ನಿಂತಿರುವವರು ನೀವು. ಶನಿವಾರ ರಾತ್ರಿಯೊಳಗೆ ಯಜಮಾನರ ಜೊತೆ ಆ ಮಾತಾಡಿ. ಭಾನುವಾರ ಇಬ್ಬರೂ ಒಟ್ಟಿಗೆ ಹೋಗಿ ಮೊಣಕಾಲೂರಿ, ಕೈ ಚಾಚಿ.